ಅಮ್ಮನ ಮಾರುತಿ ವ್ಯಾನಿನ ತುಕ್ಕು



ಹವ್ಯಾಸದ ಬಗ್ಗೆ ಮಾತನಾಡಿ ಎಂದಾಗ ಹೆಚ್ಚಿನವರು ರಂಗೋಲಿ, ಹಾಡು, ಟೆರೇಸ್ ತೋಟ ಆರಿಸಿಕೊಂಡರು. ನನ್ನದು ತುಕ್ಕು. ನಗಬೇಡಿ. 2021ರ ದಸರೆಯಿಂದ ಮುಂದಿನ ಮೇ ತಿಂಗಳವರೆಗೆ ನನ್ನ ಭಾನುವಾರಗಳೆಲ್ಲ ನವಿ ಮುಂಬಯಿಯ ನಮ್ಮ ಮನೆಯ ಕೆಳಗೆ, ಒಂದು ಹಳೆಯ ಮಾರುತಿ ವ್ಯಾನಿನ ಅಡಿಯಲ್ಲಿ ಕಳೆದುಹೋದವು.

ಮಾರುತಿ 800 ಬಂದ ಮರುವರ್ಷ, 1984ರಲ್ಲಿ, ಈ ವ್ಯಾನು ಬಂತು. ಓಮ್ನಿ ಎಂಬ ಹೆಸರು ಆಮೇಲಿನದು. ನಮ್ಮದು 1987ರದ್ದು, ನನಗಿಂತ ಒಂದು ವರ್ಷಕ್ಕೆ ಹಿರಿಯಕ್ಕ. ಕೊಂಡವರು ಅಪ್ಪ, ಓಡಿಸಿದವಳು ಅಮ್ಮ. ಯಕ್ಷಗಾನದ ವೇಷದ ಪೆಟ್ಟಿಗೆಗಳು, ಗಣೇಶ ಚತುರ್ಥಿಯ ಕಡುಬಿನ ಪಾತ್ರೆಗಳು ಎಲ್ಲವೂ ಅದರಲ್ಲೇ ಬರುತ್ತಿದ್ದವು. ಇಲ್ಲಿ ಕುಳಿತ ಕೆಲವರೂ ಅದರ ಜಾರುಬಾಗಿಲಿನಿಂದ ಇಳಿದವರೇ. ಅಪ್ಪ ಹೋದ ಮೇಲೆ ಅದು ನಾಲ್ಕು ಮಳೆಗಾಲ ನಿಂತಲ್ಲೇ ನಿಂತಿತು. ಖಾಸಗಿ ಗಾಡಿಯ ನೋಂದಣಿ ಮೊದಲು 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 2022ರ ತಪಾಸಣೆ ಹತ್ತಿರ ಬಂದಾಗ ಅಣ್ಣ, "ಗುಜರಿಗೆ ಕೊಟ್ಟುಬಿಡೋಣ" ಎಂದ. ಅಮ್ಮ ಏನೂ ಹೇಳಲಿಲ್ಲ. ಕೀಲಿಕೈ ಮಾತ್ರ ದೇವರ ಕೋಣೆಯ ಮೊಳೆಯಿಂದ ಇಳಿಯಲಿಲ್ಲ.

ಗ್ಯಾರೇಜಿನವನಿಗೆ ತೋರಿಸಿದೆ. ಪ್ರಶ್ನೆ ಕೇಳಿದ್ದು ನಾನು, ಉತ್ತರ ಕೊಟ್ಟದ್ದು ನನ್ನ ಪಕ್ಕದಲ್ಲಿದ್ದ ಯಜಮಾನರಿಗೆ. "ಪುಟ್ಟಿ ತುಂಬಿಸಿ ಬಣ್ಣ ಹೊಡೆದರೆ ನಾಲ್ಕೇ ದಿನದಲ್ಲಿ ಹೊಸ ಗಾಡಿ ಸಾಬ್." ನನ್ನ ತಕರಾರು ಇರುವುದೇ ಇಲ್ಲಿ. ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ, ಮೇಲಿನ ಬಣ್ಣವನ್ನು ಎಬ್ಬಿಸುತ್ತದೆ. ಪುಟ್ಟಿ ನೀರು ಹೀರಿಕೊಂಡು ಒಳಗಿನ ತುಕ್ಕಿಗೆ ಇನ್ನಷ್ಟು ಉಣಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ವ್ಯಾನಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ. ಬಾಡಿಯೇ ಭಾರ ಹೊರಬೇಕು. ಬಾಗಿಲ ಕೆಳಗಿನ ಪೊಳ್ಳು ಪಟ್ಟಿ ನೋಡಲು ಅಲಂಕಾರದಂತಿದ್ದರೂ ಕೆಲಸದಲ್ಲಿ ಮನೆಯ ತೊಲೆ. ಪುಟ್ಟಿ ಚಂದ ಕೊಟ್ಟೀತು, ಭಾರ ಹೊರಲಾರದು.

ಅಮ್ಮನಿಗೆ ಮೊದಲೇ ಹೇಳಿದೆ: ಸೀಟ್ ಬೆಲ್ಟಿನ ಬೋಲ್ಟು, ಸಸ್ಪೆನ್ಶನ್ ಕೂರುವ ಜಾಗ, ಸ್ಟೀರಿಂಗಿನ ಬುಡ, ಇವುಗಳಲ್ಲಿ ಎಲ್ಲಾದರೂ ಸ್ಕ್ರೂಡ್ರೈವರ್ ಒಳಹೊಕ್ಕರೆ ಅಣ್ಣನ ಮಾತೇ ಸರಿ, ಗುಜರಿಗೆ. ಅಮ್ಮ ಟಾರ್ಚ್ ಹಿಡಿದಳು. ಮಡಕೆ ಕೊಳ್ಳುವಾಗ ಬೆರಳಲ್ಲಿ ಬಡಿದು ನೋಡುತ್ತೇವಲ್ಲ, ಹಾಗೆಯೇ. ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಬೊದ್ ಎನ್ನುತ್ತದೆ. ಆ ಜಾಗಗಳೆಲ್ಲ ಟಣ್ ಎಂದವು. ಎಡಗಡೆಯ ಪಟ್ಟಿ, ಹಿಂಚಕ್ರದ ಕಮಾನು, ಡ್ರೈವರ್ ಕಾಲಿನ ಕೆಳಗಿನ ನೆಲ ಮಾತ್ರ ಹೋಗಿದ್ದವು. ಅಮ್ಮ ಆಗ ಬಿಟ್ಟ ಉಸಿರು ಗಾಡಿಯ ಅಡಿಯಲ್ಲಿ ಮಲಗಿದ್ದ ನನಗೂ ಕೇಳಿಸಿತು.

ಬ್ಯಾಟರಿ ಕಳಚಿ, ಮೆಕ್ಯಾನಿಕ್‌ನಿಂದ ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟ ಮೇಲೆಯೇ ಗ್ರೈಂಡರ್ ಹಿಡಿದದ್ದು. ಕನ್ನಡಕ, ಮಾಸ್ಕ್ ಕಡ್ಡಾಯ. ಹೊಳೆಯುವ ಲೋಹ ಸಿಗುವವರೆಗೂ ಕತ್ತರಿಸಬೇಕು; ಐದು ರೂಪಾಯಿ ನಾಣ್ಯದಷ್ಟಿದ್ದ ತೂತು ಅಂಗೈಯಷ್ಟಾಯಿತು. ಆಮೇಲಿನದು ಬ್ಲೌಸ್ ಕಟಿಂಗ್ ಗೊತ್ತಿದ್ದವರಿಗೆ ಸುಲಭ. ಮಿಠಾಯಿ ಡಬ್ಬಿಯ ರಟ್ಟಿನಲ್ಲಿ ಅಳತೆ ತೆಗೆದು, ಅದರಂತೆ ತಗಡು ಕತ್ತರಿಸಿ, ಅಂಚು ಮಡಚಿದೆ. ವೆಲ್ಡಿಂಗ್ ನನ್ನದಲ್ಲ. ಎರಡು ಭಾನುವಾರ ವೆಲ್ಡರ್ ಮನೆಗೇ ಬಂದರು. ಒಂದೇ ಸಮ ಗೆರೆ ಎಳೆಯುವುದಿಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಟಾಕು ಹಾಕಿದ ಹಾಗೆ. ಇಲ್ಲದಿದ್ದರೆ ತೆಳು ತಗಡು ಸುಟ್ಟ ಹಪ್ಪಳದಂತೆ ಸೊಟ್ಟಗಾಗುತ್ತದೆ. ಸಾಫ್ಟ್‌ವೇರಿನಲ್ಲಿ ದಿನವೂ ಪ್ಯಾಚ್ ಎನ್ನುವ ನಾನು ನಿಜವಾದ ಪ್ಯಾಚ್ ಕಂಡದ್ದು ಆಗಲೇ.

ಪ್ರೈಮರ್ ಅದೇ ದಿನ ಬೀಳಬೇಕು. ನಮ್ಮ ಕಡಲಗಾಳಿಗೆ ಬರಿಯ ಕಬ್ಬಿಣ ಬೆಳಗಾಗುವುದರೊಳಗೆ ಕಂದಾಗುತ್ತದೆ. ತೂತಾಗದೆ ಮೇಲ್ಮೈ ಮಾತ್ರ ತುಕ್ಕಾದಲ್ಲಿ ಉಜ್ಜಿ, ಫಾಸ್ಫಾರಿಕ್ ಆಮ್ಲವಿರುವ ದ್ರಾವಣ ಹಚ್ಚಿದೆ. ಪಟ್ಟಿಯ ಪೊಳ್ಳಿನೊಳಗೆ ಬ್ರಷ್ ಹೋಗದು, ಅಲ್ಲಿಗೆ ಉದ್ದ ನಳಿಗೆಯಿಂದ ಮೇಣದ ಸ್ಪ್ರೇ. ಗಟ್ಟಿ ತಗಡಿನ ಮೇಲೆ, ಸಮ ಮಾಡಲು, ತೆಳುವಾಗಿ ಪುಟ್ಟಿಯನ್ನೂ ಹಚ್ಚಿದೆ. ಪುಟ್ಟಿಯ ಮೇಲೆ ನನಗೇನೂ ದ್ವೇಷವಿಲ್ಲ! ಬಣ್ಣದ ಕೆಲಸ ಬೇಗ ಮುಗಿಯಿತು, ನೋಡಿದವರೆಲ್ಲ ಹೊಗಳಿದ್ದು ಅದನ್ನೇ.

ತಪಾಸಣೆ ಪಾಸಾಯಿತು. ಆದರೂ ಈ ಗಾಡಿಯಲ್ಲಿ ಮುಂದೆ ಕುಳಿತವರ ಮೊಣಕಾಲಿನೆದುರು ತಗಡು ಬಿಟ್ಟರೆ ಹೆಚ್ಚೇನಿಲ್ಲ, ಏರ್‌ಬ್ಯಾಗಂತೂ ಇಲ್ಲವೇ ಇಲ್ಲ. ಹಾಗಾಗಿ ಎಕ್ಸ್‌ಪ್ರೆಸ್‌ವೇ ಬೇಡವೆಂದು ಅಮ್ಮನಿಗೆ ಕಟ್ಟುನಿಟ್ಟು ಮಾಡಿದ್ದೇನೆ. ಮಾರುಕಟ್ಟೆ, ದೇವಸ್ಥಾನ, ನಮ್ಮ ಸಂಘ, ಅಷ್ಟೇ. ಇಂದು ಬಂದದ್ದೂ ಅದರಲ್ಲೇ, ಗೇಟಿನ ಬಳಿ ನಿಂತಿದೆ. ಬಾಗಿಲ ಕೆಳಗಿನ ನೀರು ಇಳಿಯುವ ತೂತುಗಳನ್ನು ಪ್ರತಿ ಮೇ ಕೊನೆಯಲ್ಲಿ ಬಿಡಿಸುವ ಕೆಲಸ ಅಮ್ಮನದು. ಅದಕ್ಕೆಂದೇ ಹಿಡಿಸೂಡಿಯ ತೆಂಗಿನ ಕಡ್ಡಿ ಒಂದು ಡ್ಯಾಶ್‌ಬೋರ್ಡಿನಲ್ಲಿ ಇದೆ, ಯಾರೂ ಕಸವೆಂದು ಎಸೆಯಬೇಡಿ.