ಹಲ್ಲು, ಉಗುರು ಮತ್ತು ಶತಾಯಗತಾಯ



ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ವಿದ್ಯಾರ್ಥಿಯೊಬ್ಬ ಭಾಷಾಂತರದ ಉತ್ತರಪತ್ರಿಕೆಯಲ್ಲಿ 'ರೈತರು ಆ ಕಾಯಿದೆಯನ್ನು ಹಲ್ಲು ಮತ್ತು ಉಗುರುಗಳಿಂದ ವಿರೋಧಿಸಿದರು' ಎಂದು ಬರೆದಿದ್ದ. ಮೂಲದಲ್ಲಿದ್ದುದು 'ಟೂತ್ ಅಂಡ್ ನೇಲ್' ಎಂಬ ಇಂಗ್ಲಿಷ್ ನುಡಿಗಟ್ಟು. ನಾನು ನಕ್ಕು ಅಂಕ ಕಳೆದೆ. ಕಳೆದುದು ನ್ಯಾಯವೇ ಎಂಬ ಸಂದೇಹ ಹುಟ್ಟಿದುದು ಎಷ್ಟೋ ವರ್ಷಗಳ ಮೇಲೆ, ಕೆಂಗಲ್ಲಿನ ಆಂಜನೇಯನ ಗುಡಿಯಲ್ಲಿ.

ಇಂಗ್ಲಿಷಿನಲ್ಲಿ ಈ ನುಡಿಗಟ್ಟು 16ನೆಯ ಶತಮಾನದಿಂದ ಬಳಕೆಯಲ್ಲಿದೆ. ಫ್ರೆಂಚರು ಇದನ್ನೇ 'ಕೊಕ್ಕು ಮತ್ತು ಉಗುರು' ಎನ್ನುತ್ತಾರೆ. ಕತ್ತಿ ಮುರಿದು, ಕೋಲು ಕೈಜಾರಿ, ಮೈಯೊಂದೇ ಉಳಿದವನ ಕಾದಾಟ ಇದರ ಹಿಂದಿನ ಚಿತ್ರ. ಆದ್ದರಿಂದ ಬರಿಯ ಪರಿಶ್ರಮಕ್ಕೆ ಇದು ಅಷ್ಟಾಗಿ ಒಪ್ಪುವುದಿಲ್ಲ. ಕೈಲಿರುವುದನ್ನು ಬಿಟ್ಟುಕೊಡಲೊಲ್ಲದವನ ಪ್ರತಿಭಟನೆಗೆ ಚೆನ್ನಾಗಿ ಒಪ್ಪುತ್ತದೆ.

ಕನ್ನಡದಲ್ಲಿ ಹಲ್ಲಿನ ಕೆಲಸವೇ ಬೇರೆ. ಹಲ್ಲು ಮಸೆದರೆ ಹಗೆ, ಹಲ್ಲು ಕಚ್ಚಿದರೆ ಸಹನೆ, ಹಲ್ಲು ಗಿಂಜಿದರೆ ದೈನ್ಯ. ಉಗುರಂತೂ ಅಲ್ಪತೆಯ ಗುರುತು: ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿಯೇಕೆ ಎಂದು ಕೇಳುವವರು ನಾವು. ಉಗ್ರ ಪ್ರಯತ್ನಕ್ಕೆ ನಮ್ಮವರು ಉಟ್ಟ ಬಟ್ಟೆಯ ಕಡೆಗೆ ನೋಡಿದರು. ಟೊಂಕ ಕಟ್ಟಿದರು, ಗಂಡುಗಚ್ಚೆ ಹಾಕಿದರು. ಇಲ್ಲವೆ ಗರಡಿಗೆ ಹೋಗಿ ಪಟ್ಟು ಹಿಡಿದರು. 'ಶತಾಯಗತಾಯ' ಎಂಬುದೂ ಉಂಟು. ಆದರೆ ಅದರಲ್ಲಿ ಮೈಯಿಲ್ಲ, ಬರಿಯ ಹಟವಿದೆ.

ಕೆಂಗಲ್ ಎಂದರೆ ಕೆಂಪು ಕಲ್ಲು. ರಾಮನಗರ, ಚನ್ನಪಟ್ಟಣಗಳ ನಡುವೆ ಹಳೆಯ ಮೈಸೂರು ರಸ್ತೆಯ ಪಕ್ಕದಲ್ಲಿದೆ ಆ ಗುಡಿ. ಸ್ವಾಮಿಯ ಎದುರು ನಿಂತಾಗ ವಾಲ್ಮೀಕಿ ಕಪಿಸೇನೆಗೆ ಕೊಟ್ಟ ವಿಶೇಷಣ ಥಟ್ಟನೆ ನೆನಪಾಯಿತು: 'ನಖದಂಷ್ಟ್ರಾಯುಧ'. ಉಗುರು ಕೋರೆಗಳೇ ಆಯುಧವಾಗಿ ಉಳ್ಳವರು! ಮರವನ್ನೂ ಬಂಡೆಯನ್ನೂ ಕಿತ್ತೆಸೆದು, ಅವೂ ಮುಗಿದ ಮೇಲೆ ಮೈಯನ್ನೇ ಆಯುಧವಾಗಿ ಮಾಡಿಕೊಂಡವರು. ನಾವು ಇಂಗ್ಲಿಷಿನದೆಂದು ನಕ್ಕ ಮಾತು ಆದಿಕಾವ್ಯದಲ್ಲಿಯೇ ಕುಳಿತಿತ್ತು. ಆ ಹುಡುಗನಿಗೆ ಅರ್ಧ ಅಂಕವನ್ನಾದರೂ ಕೊಡಬೇಕಾಗಿತ್ತು.

ಪೂರ್ತಿ ಅಂಕವನ್ನು ಈಗಲೂ ಕೊಡಲಾರೆ. ಅದಕ್ಕೂ ಅದೇ ಸೀಮೆಯಲ್ಲಿ ಕಾರಣವಿದೆ. ಕೆಂಗಲ್ ಹನುಮಂತಯ್ಯನವರು 1952ರಿಂದ 1956ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. ಕನ್ನಡನಾಡು ಒಂದಾಗುವುದನ್ನು ಹಳೆಯ ಮೈಸೂರಿನ ಹಲವು ಮುಖಂಡರು ಬಲವಾಗಿ ವಿರೋಧಿಸಿದರು. ಕೈಲಿದ್ದ ಪ್ರಾಬಲ್ಯ ಜಾರೀತೆಂಬ ಅಂಜಿಕೆ ಅವರಲ್ಲಿತ್ತು. ಅವರ ಕಾದಾಟಕ್ಕೆ ಹಲ್ಲು ಉಗುರುಗಳ ಮಾತು ಸಲ್ಲುತ್ತದೆ. ಹನುಮಂತಯ್ಯನವರು ಆ ವಿರೋಧದ ನಡುವೆ ಏಕೀಕರಣದ ಪರವಾಗಿ ನಿಂತರು. 1956ರ ಆಗಸ್ಟಿನಲ್ಲಿ ಅಧಿಕಾರ ಹೋಯಿತು. ನವೆಂಬರ್ 1ರಂದು ಉದಯಿಸಿದ ವಿಶಾಲ ರಾಜ್ಯಕ್ಕೆ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಕೈಲಿರುವುದು ಹೋದರೂ ಹೋಗಲಿ ಎಂದು ದುಡಿದವರನ್ನು ಹಲ್ಲು ಉಗುರುಗಳಿಂದ ಹೋರಾಡಿದರು ಎನ್ನಲು ನನಗೆ ನಾಲಗೆ ಬಾರದು. ಅಲ್ಲಿ ಮಾತ್ರ, ಮೈಯಿಲ್ಲದ ಮಾತೆಂದು ನಾನು ಹಳಿದ ಆ 'ಶತಾಯಗತಾಯ'ವನ್ನೇ ಬರೆಯುತ್ತೇನೆ.