ಕಟಾಂಗಾ ಬೇರೆ ದೇಶವಾಗಿಯೇ ಉಳಿದಿದ್ದರೆ?

ನೀವು ಈ ಸಂಚಿಕೆ ಕೇಳ್ತಿರೋ ಫೋನ್ ಇದೆಯಲ್ಲ, ಅದರ ಬ್ಯಾಟರಿಯಲ್ಲಿ ಕೋಬಾಲ್ಟ್ ಇರೋ ಸಾಧ್ಯತೆ ಹೆಚ್ಚು. ಜಗತ್ತಿನ ಕೋಬಾಲ್ಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಗೋದು ಆಫ್ರಿಕಾದ ಕಾಂಗೋ ದೇಶದಲ್ಲಿ, ಅದರಲ್ಲೂ ದಕ್ಷಿಣದ ಕಟಾಂಗಾ ಸೀಮೆಯಲ್ಲಿ. ಇದೇ ಕಟಾಂಗಾ ಒಂದು ಕಾಲದಲ್ಲಿ ಎರಡೂವರೆ ವರ್ಷ 'ನಾವು ಬೇರೆ ದೇಶ' ಅಂತ ಹೇಳಿಕೊಂಡಿತ್ತು. ಅದು ಹಾಗೇ ಉಳಿದಿದ್ರೆ ಏನಾಗ್ತಿತ್ತು?

ಮೊದಲು ನಡೆದ ಕಥೆ ನೋಡೋಣ. 1960ರ ಜೂನ್ 30ರಂದು ಕಾಂಗೋ ಬೆಲ್ಜಿಯಂನಿಂದ ಸ್ವತಂತ್ರವಾಯ್ತು. ಬರೀ 11 ದಿನಕ್ಕೆ ಮೊಯಿಸ್ ಚೊಂಬೆ ಕಟಾಂಗಾವನ್ನ ಪ್ರತ್ಯೇಕ ರಾಷ್ಟ್ರ ಅಂತ ಘೋಷಿಸಿದ್ರು. ನಮ್ಮ ಕರ್ನಾಟಕದ ಎರಡೂವರೆ ಪಟ್ಟು ದೊಡ್ಡ ಪ್ರದೇಶ ಅದು. ಸ್ವಂತ ಬಾವುಟ, ಸ್ವಂತ ನೋಟು, ಸ್ವಂತ ಅಂಚೆಚೀಟಿ, ಎಲ್ಲಾ ಬಂತು. ಆದ್ರೆ ಒಂದೇ ಒಂದು ದೇಶವೂ ಮಾನ್ಯತೆ ಕೊಡಲಿಲ್ಲ.

ಬಿ.ಕಾಂ ಓದಿದವರ ಚಾಳಿ, ನಾನು ಮೊದಲು ನೋಡೋದು ಲೆಕ್ಕದ ಪುಸ್ತಕ. ಈ ಹೊಸ ದೇಶಕ್ಕೆ ದುಡ್ಡು ಎಲ್ಲಿಂದ ಬರ್ತಿತ್ತು? ಯೂನಿಯನ್ ಮಿನಿಯೇರ್ ಅನ್ನೋ ಬೆಲ್ಜಿಯನ್ ಗಣಿ ಕಂಪನಿಯಿಂದ. ಕಾಂಗೋ ಸರ್ಕಾರಕ್ಕೆ ಕಟ್ಟಬೇಕಿದ್ದ ತೆರಿಗೆಯನ್ನ ಅದು ಚೊಂಬೆಗೆ ಕಟ್ಟಿತು. ಸೈನ್ಯ ನಡೆಸಿದ್ದು ಬೆಲ್ಜಿಯನ್ ಅಧಿಕಾರಿಗಳು, ಬಾಡಿಗೆ ಸೈನಿಕರು. ಉತ್ತರ ಕಟಾಂಗಾದ ಬಲುಬಾ ಜನ ಚೊಂಬೆ ವಿರುದ್ಧವೇ ದಂಗೆ ಎದ್ದಿದ್ರು. ಒಬ್ಬನೇ ಗ್ರಾಹಕನನ್ನ ನಂಬಿ ಅಂಗಡಿ ತೆರೆದ ಹಾಗೆ ಇತ್ತು ಆ ಸ್ವಾತಂತ್ರ್ಯ.

ಅದು ಉಳಿದಿದ್ರೆ ಹೇಗಿರ್ತಿತ್ತು ಅಂತ ಊಹಿಸೋಕೆ ಪಕ್ಕದ ಜಾಂಬಿಯಾ ನೋಡಿ. ಗಡಿಯ ಆಚೆಗೂ ಅದೇ ತಾಮ್ರದ ಪಟ್ಟಿ. 1964ರಲ್ಲಿ ಸ್ವತಂತ್ರವಾಯ್ತು, ಗಣಿಗಳನ್ನ ಸರ್ಕಾರದ ಹಿಡಿತಕ್ಕೆ ತಂತು. 1975ರ ಹೊತ್ತಿಗೆ ತಾಮ್ರದ ಬೆಲೆ ಕುಸಿದಾಗ ಸಾಲದಲ್ಲಿ ಮುಳುಗಿತು. ಕಟಾಂಗಾಕ್ಕೂ ಸಮುದ್ರ ಇಲ್ಲ. ಅದರ ತಾಮ್ರ ಅಂಗೋಲಾದ ರೈಲು ಹಿಡಿದು ಬಂದರು ತಲುಪಬೇಕಿತ್ತು. 1975ರ ಅಂತರ್ಯುದ್ಧದಲ್ಲಿ ಆ ದಾರಿಯೂ ಮುಚ್ಚಿತು. ಅಂದ್ರೆ 'ಆಫ್ರಿಕಾದ ಶ್ರೀಮಂತ ದೇಶ' ಅನ್ನೋ ಕನಸು ಹದಿನೈದು ವರ್ಷ ಬಾಳ್ತಿತ್ತೋ ಇಲ್ವೋ.

ಹಾಗಂತ ಕಾಂಗೋ ಜೊತೆ ಉಳಿದು ಉದ್ಧಾರ ಆಯ್ತಾ? ಅದೂ ಇಲ್ಲ. 1965ರಲ್ಲಿ ಅಧಿಕಾರ ಹಿಡಿದ ಮೊಬುಟು 1997ರವರೆಗೆ ಕುರ್ಚಿ ಬಿಡಲಿಲ್ಲ. ಗಣಿಗಳು ರಾಷ್ಟ್ರೀಕರಣ ಆದವು, ಲಾಭ ಮಾತ್ರ ಗಣಿ ಅಗೆಯೋರ ಮನೆಗೆ ಬರಲಿಲ್ಲ. ಇವತ್ತಿಗೂ ಕೊಲ್ವೇಜಿ ಸುತ್ತ ಜನ ಬರಿಗೈಯಲ್ಲಿ ಕೋಬಾಲ್ಟ್ ಅಗೀತಾರೆ, ಅವರಲ್ಲಿ ಮಕ್ಕಳೂ ಇದ್ದಾರೆ.

ಈ ಪ್ರಶ್ನೆಗೆ ಪ್ರಾಣ ಕೊಟ್ಟವರು ಎಷ್ಟೋ ಜನ. ಕಾಂಗೋದ ಮೊದಲ ಪ್ರಧಾನಿ ಲುಮುಂಬಾರನ್ನ 1961ರ ಜನವರಿಯಲ್ಲಿ ಕೊಂದದ್ದು ಕಟಾಂಗಾದಲ್ಲೇ. ಚೊಂಬೆ ಜೊತೆ ಮಾತುಕತೆಗೆ ಹೊರಟ ವಿಶ್ವಸಂಸ್ಥೆ ಮುಖ್ಯಸ್ಥ ಹ್ಯಾಮರ್‌ಶೋಲ್ಡ್ ಅದೇ ಸೆಪ್ಟೆಂಬರ್‌ನಲ್ಲಿ ವಿಮಾನ ಬಿದ್ದು ತೀರಿಕೊಂಡ್ರು. ಡಿಸೆಂಬರ್ 5ರಂದು ಎಲಿಜಬೆತ್‌ವಿಲ್ ಹತ್ರ ರಸ್ತೆ ತಡೆ ತೆರವು ಮಾಡೋಕೆ ಹೋದ ನಮ್ಮ ಕ್ಯಾಪ್ಟನ್ ಗುರ್‌ಬಚನ್ ಸಿಂಗ್ ಸಲಾರಿಯಾ ವಾಪಸ್ ಬರಲಿಲ್ಲ. ಅವರಿಗೆ ಪರಮವೀರ ಚಕ್ರ ಸಿಕ್ಕಿತು. ವಯಸ್ಸು 26. ನನಗಿಂತ ಚಿಕ್ಕವರು.

ಹಾಗಾಗಿ ಯಾರಾದ್ರೂ 'ನಮ್ಮದನ್ನ ಬೇರೆ ಮಾಡಿಬಿಟ್ರೆ ಎಲ್ಲಾ ಸರಿಹೋಗುತ್ತೆ' ಅಂದ್ರೆ, ನಕ್ಷೆ ಕೇಳೋಕೆ ಮುಂಚೆ ಲೆಕ್ಕ ಕೇಳಿ: ದುಡ್ಡು ಯಾರು ಹಾಕ್ತಿದ್ದಾರೆ, ಯಾರಿಗೆ ಹೋಗುತ್ತೆ? 'ಒಂದಾಗೇ ಇರೋಣ' ಅನ್ನೋರಿಗೂ ಅದೇ ಪ್ರಶ್ನೆ ಕೇಳಿ.

ನಿಮಗೇನನ್ಸುತ್ತೆ, ಹೇಳಿ. ಮುಂದಿನ ವಾರ ಸಿಗೋಣ.