ಗೋದಲಿಯ ಗಣಿತ
(ಪ್ರಾಥಮಿಕ ಶಾಲೆಗಳ ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಗುರುಜನರು ನೆರೆದ ಈ ಸಭೆಯಲ್ಲಿ ಆಕಳ ಮೇವಿನ ವಿಷಯವಾಗಿ ಮಾತನಾಡಲು ನಾನು ಎದ್ದು ನಿಂತದ್ದನ್ನು ಕಂಡು ತಮ್ಮಲ್ಲಿ ಕೆಲವರಿಗೆ ಆಶ್ಚರ್ಯವೆನಿಸಿರಬಹುದು. ಆದರೆ ತಮ್ಮೆದುರಿಗೆ ಕುಳಿತು ಪಾಠ ಕೇಳುವ ಹುಡುಗರಲ್ಲಿ ಎಷ್ಟೋ ಜನರ ಪಾಟಿ ಪುಸ್ತಕಗಳು ಹಿತ್ತಲಲ್ಲಿ ಕಟ್ಟಿದ ಒಂದು ಆಕಳಿನಿಂದಲೋ ಎಮ್ಮೆಯಿಂದಲೋ ಬಂದವುಗಳಾಗಿರುತ್ತವೆ. ಮಳೆ ಹೋದ ವರ್ಷ ಎರಡೆಕರೆ ಹೊಲವು ಒಕ್ಕಲಿಗನ ಕೈ ಬಿಡುವದು. ಹಾಲಿನ ದುಡ್ಡು ಮಾತ್ರ ಆಗಲೂ ಮನೆಯ ಒಲೆಯನ್ನು ಉರಿಸುವದು. ಆದುದರಿಂದ ಇದು ಕೇವಲ ಪಶುವೈದ್ಯರ ವಿಷಯವಲ್ಲ. ನಮ್ಮ ನಾಡಿನ ಬಡವನ ಸಂಸಾರದ ವಿಷಯವಾಗಿದೆ.

ಹಿಂದೆ ನಮ್ಮ ಅಮೃತಮಹಲ, ಹಳ್ಳಿಕಾರ, ಕೃಷ್ಣಾತೀರದ ದನಗಳು ದುಡಿಮೆಗಾಗಿಯೇ ಪ್ರಸಿದ್ಧವಾಗಿದ್ದವು. ಅವುಗಳಿಂದ ಬಹಳ ಹಾಲನ್ನು ಯಾರೂ ಬಯಸಲಿಲ್ಲ. ಕಾವಲಿನ ಹುಲ್ಲು, ಮನೆಯ ಕಣಿಕೆ ಅವಕ್ಕೆ ಸಾಕಾಗುತ್ತಿತ್ತು. ಮುಂದೆ 1946ರಲ್ಲಿ ಗುಜರಾತದ ಆಣಂದದಲ್ಲಿ ಹುಟ್ಟಿದ ಸಹಕಾರದ ಮಾರ್ಗವು 1970ರ ದಶಕದಲ್ಲಿ ನಮ್ಮ ಹಳ್ಳಿಗಳಿಗೂ ಬಂದಿತು. 1956ರಲ್ಲಿ ಒಂದುಗೂಡಿದ ನಾಡಿನ ಮೂಲೆಮೂಲೆಗಳಲ್ಲಿ ಇಂದು ಹಾಲಿನ ಸಂಘಗಳಿವೆ. ಹೋಲ್‌ಸ್ಟೀನ್, ಜರ್ಸಿ ಮಿಶ್ರತಳಿಯ ಆಕಳುಗಳು ಕೊಟ್ಟಿಗೆಗೆ ಬಂದವು. ತಳಿಯು ಬದಲಾಯಿತು, ಪೇಟೆಯು ದೊರೆಯಿತು. ಗೋದಲಿ ಮಾತ್ರ ಅಜ್ಜನ ಕಾಲದ್ದಾಗಿಯೇ ಉಳಿಯಿತು. ಹತ್ತು ಲೀಟರು ಕೊಡಬಲ್ಲ ಆಕಳು ಐದು ಕೊಟ್ಟು ನಿಲ್ಲುವದು. ಒಕ್ಕಲಿಗನು ದಲಾಲನನ್ನು ಬೈದು, ಬೇಸಿಗೆಯಲ್ಲಿ ಅದನ್ನು ಅರೆಬೆಲೆಗೆ ಮಾರಿಬಿಡುವನು. ಹಾಲಿನ ಉತ್ಪನ್ನದ ಖರ್ಚಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮೇವಿನದೇ ಆಗಿರುವಾಗ, ಲಾಭ ನಷ್ಟಗಳ ನಿರ್ಣಯವು ಗೋದಲಿಯಲ್ಲಿಯೇ ಆಗುವದೆಂಬದು ಸ್ಪಷ್ಟವಿದೆ.

ತಾವು ಗಣಿತವನ್ನು ಕಲಿಸುವವರು. ಒಂದು ಲೆಕ್ಕವನ್ನು ಮಾಡಿ ನೋಡೋಣ. ಆಕಳನ್ನು ತೂಗಲು ತಕ್ಕಡಿಯು ಬೇಕಾಗಿಲ್ಲ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಹೆಗಲ ಮುಂದಿನ ಎಲುಬಿನಿಂದ ಬಾಲದ ಬುಡದ ಬದಿಯ ಎಲುಬಿನವರೆಗೆ ಉದ್ದವನ್ನೂ ಇಂಚುಗಳಲ್ಲಿ ಅಳೆಯಿರಿ. ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 660ರಿಂದ ಭಾಗಿಸಿದರೆ ಕಿಲೊಗಳಲ್ಲಿ ತೂಕವು ಸಿಗುವದು. ಸುತ್ತಳತೆ 64, ಉದ್ದ 60 ಇದ್ದರೆ ತೂಕ ಸುಮಾರು 372 ಕಿಲೊ. ಹಾಲು ಕೊಡುವ ಇಂಥ ಆಕಳಿಗೆ ತೂಕದ ನೂರಕ್ಕೆ ಮೂರರಂತೆ, ನೀರಿನಂಶವನ್ನು ಕಳೆದು, ದಿನಕ್ಕೆ ಹನ್ನೊಂದು ಕಿಲೊ ಆಹಾರವು ಬೇಕು. ಎಂಟು ಲೀಟರು ಕೊಡುವ ಆಕಳೆಂದು ತಿಳಿಯಿರಿ. ಮೈಯ ಪೋಷಣೆಗೆ ಒಂದೂವರೆ ಕಿಲೊ, ಪ್ರತಿ ಎರಡೂವರೆ ಲೀಟರು ಹಾಲಿಗೆ ಒಂದು ಕಿಲೊದಂತೆ, ಒಟ್ಟು ಸುಮಾರು ನಾಲ್ಕೂಮುಕ್ಕಾಲು ಕಿಲೊ ಹಿಂಡಿ, ಬೂಸಾ, ಕಾಳಿನ ನುಚ್ಚು ಕೂಡಿದ ಪಶು ಆಹಾರ. ಇಪ್ಪತ್ತು ಕಿಲೊ ಹಸಿರು ಮೇವು. ಮೂರೂವರೆ ಕಿಲೊ ಒಣ ಮೇವು. ಇವುಗಳ ಮೇಲೆ 50 ಗ್ರಾಮು ಖನಿಜ ಮಿಶ್ರಣ, ಒಂದು ಮುಷ್ಟಿಯೊಳಗಿನ ಉಪ್ಪು. ಎಮ್ಮೆಯ ಹಾಲು ಗಟ್ಟಿಯಾದುದರಿಂದ ಅದಕ್ಕೆ ಎರಡು ಲೀಟರಿಗೇ ಒಂದು ಕಿಲೊ ಪಶು ಆಹಾರವನ್ನು ಹಿಡಿಯತಕ್ಕದ್ದು. ಕುದುರೆ ಮಸಾಲೆ, ಅಲಸಂದೆ, ಚೊಗಚೆಯಂಥ ದ್ವಿದಳ ಮೇವು ದೊರೆತರೆ ಹಿಂಡಿಯ ಖರ್ಚು ಕೆಲಮಟ್ಟಿಗೆ ಉಳಿಯುವದು. ಎರಡು ಗುಂಟೆಯಲ್ಲಿ ನೇಪಿಯರ ಹುಲ್ಲನ್ನು ನಾಟಿ ಬಚ್ಚಲ ನೀರನ್ನು ಹರಿಸಿದರೆ ಸುಮಾರು ಒಂದೂವರೆ ತಿಂಗಳಿಗೊಮ್ಮೆ ಕೊಯ್ಲು ಬರುವದು.

ಇನ್ನು ಒಣ ಮೇವಿನ ಮಾತು. ಧಾರವಾಡ ವಿಜಾಪುರದ ಕಡೆಗೆ ಜೋಳದ ಕಣಿಕೆ, ಕೋಲಾರ ತುಮಕೂರಿನ ಕಡೆಗೆ ರಾಗಿ ಹುಲ್ಲು, ಮಲೆನಾಡು ಕರಾವಳಿಗಳಲ್ಲಿ ಬತ್ತದ ಹುಲ್ಲು: ಇವೇ ನಮ್ಮ ದನಗಳ ನಿತ್ಯದ ಅನ್ನ. ಇವುಗಳಲ್ಲಿ ಬತ್ತದ ಹುಲ್ಲು ಕನಿಷ್ಠವಾದದ್ದು. ಅದರಲ್ಲಿಯ ಆಕ್ಸಲೇಟು ದೇಹದ ಸುಣ್ಣದಂಶಕ್ಕೆ ಅಡ್ಡ ಬರುವದು. ಇಂಥ ಹುಲ್ಲನ್ನು ಸುಧಾರಿಸುವ ಸುಲಭೋಪಾಯವುಂಟು. ನೂರು ಕಿಲೊ ಹುಲ್ಲಿಗೆ ನಾಲ್ಕೇ ಕಿಲೊ ಯೂರಿಯಾವನ್ನು ಸುಮಾರು 50 ಲೀಟರು ನೀರಿನಲ್ಲಿ ಪೂರ್ತಿ ಕರಗಿಸಿ, ಪದರು ಪದರಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮುಚ್ಚಿ 21 ದಿನ ಇಡಬೇಕು. ಹುಲ್ಲು ಮೆತ್ತಗಾಗಿ, ಅದರ ಸಸಾರಜನಕವು ಹೆಚ್ಚುಕಡಿಮೆ ಇಮ್ಮಡಿಯಾಗುವದು. ತೆಗೆದ ಕೂಡಲೆ ತುಸು ಹೊತ್ತು ಹರವಿ, ವಾಸನೆ ಹೋದ ಮೇಲೆ ತಿನ್ನಿಸಬೇಕು. ಆರು ತಿಂಗಳೊಳಗಿನ ಕರುಗಳಿಗೆ ಕೊಡಕೂಡದು. ಯೂರಿಯಾದ ನೀರು ದನದ ಬಾಯಿಗೆ ಎಂದೂ ಸಿಗಕೂಡದು, ಅದು ಪ್ರಾಣಘಾತಕವಾದದ್ದು. ಕಣಿಕೆಯನ್ನಾದರೂ ಉದ್ದುದ್ದಾಗಿ ಎಸೆಯದೆ ಕತ್ತರಿಸಿ ಹಾಕಿದರೆ, ಕಾಲಡಿಗೆ ಬಿದ್ದು ಕೆಡುವ ಭಾಗವೆಲ್ಲ ಹೊಟ್ಟೆಗೆ ಸೇರುವದು. ಗೋವಿನಜೋಳವನ್ನು ಹಾಲುಗಾಳಿನ ಹಂತದಲ್ಲಿ ಕೊಯ್ದು ತಗ್ಗಿನಲ್ಲಿ ಒತ್ತಿ ಮುಚ್ಚಿಟ್ಟರೆ, ರಸಮೇವಾಗಿ ಬೇಸಿಗೆಯಲ್ಲಿ ಕೈಹಿಡಿಯುವದು.

ಅಜ್ಞಾನದಿಂದಾಗುವ ಹಾನಿಯನ್ನು ನಾನು ಬಾಲ್ಯದಲ್ಲಿಯೇ ಕಂಡವನು. ನಮ್ಮ ಅಕ್ಕನ ಲಗ್ನದ ಮರುದಿನ, ಉಳಿದ ಅನ್ನ ಹುಗ್ಗಿಗಳನ್ನು ಚೆಲ್ಲುವದು ಪಾಪವೆಂದು ತಿಳಿದು, ಮನೆಯವರೆಲ್ಲ ಪ್ರೀತಿಯಿಂದ ಹಾಲು ಹಿಂಡುವ ಆಕಳಿನ ಮುಂದೆ ಬುಟ್ಟಿಗಟ್ಟಲೆ ಸುರುವಿದೆವು. ಸಂಜೆಗೆ ಅದು ಮೆಲುಕು ಹಾಕುವದನ್ನು ಬಿಟ್ಟಿತು. ಮೂರನೆಯ ದಿನ ಕಣ್ಣು ಮುಚ್ಚಿತು. ಅವ್ವ ಆ ವರ್ಷ ಹಬ್ಬ ಮಾಡಲಿಲ್ಲ. ಆಕಳ ದೊಡ್ಡ ಹೊಟ್ಟೆಯಲ್ಲಿ ನಾರನ್ನು ಕರಗಿಸುವ ಕೋಟ್ಯವಧಿ ಸೂಕ್ಷ್ಮಜೀವಿಗಳಿವೆ. ಒಮ್ಮೆಲೆ ಅನ್ನ, ಹಿಟ್ಟು, ಕಾಳು ಬಿದ್ದರೆ ಹೊಟ್ಟೆ ಹುಳಿಯೇರಿ ಅವು ಸಾಯುವವು, ಅವುಗಳೊಡನೆ ಆಕಳೂ ಸಾಯುವದು. ಈ ಸಂಗತಿಯನ್ನು ನಾನು ಅರಿತದ್ದು ಎಷ್ಟೋ ವರ್ಷಗಳ ಮೇಲೆ. ಯಾವ ಮೇವನ್ನೇ ಆಗಲಿ ಎಂಟು ಹತ್ತು ದಿನಗಳಲ್ಲಿ ಕ್ರಮಕ್ರಮವಾಗಿ ಬದಲಿಸತಕ್ಕದ್ದು. ಅದರಂತೆ, ಮಳೆಯಿಲ್ಲದೆ ಬಾಡಿದ ಎಳೆಯ ಜೋಳದ ಪೈರಿಗೆ ದನಗಳನ್ನು ಬಿಡಕೂಡದು. ಅದರಲ್ಲಿ ಹುಟ್ಟುವ ಸೈನೈಡು ವಿಷವು ಗಳಿಗೆಯೊಳಗೆ ಕೊಲ್ಲುವದು.

ಎರಡು ಮಾತುಗಳು ಉಳಿದಿವೆ. ಹಾಲಿನಲ್ಲಿ ನೂರಕ್ಕೆ ಎಂಬತ್ತೇಳು ಪಾಲು ನೀರೇ. ಹೀಗಿದ್ದು ದಿನಕ್ಕೆ ಎರಡೇ ಸಲ ಕೊಡ ತೋರಿಸುವ ಮನೆಗಳು ಅನೇಕವಿವೆ. ಶುದ್ಧವಾದ ನೀರು ಯಾವಾಗಲೂ ಬಾಯಿಗೆ ಸಿಗುವಂತಿರಬೇಕು. ಎರಡನೆಯದು ಗಿಣ್ಣದ ಹಾಲು. ಅದನ್ನು ಕಾಸಿ ನೆರೆಮನೆಗೆ ಹಂಚುವ ನಮ್ಮ ಪದ್ಧತಿ ಸವಿಯಾದದ್ದೇ ಸರಿ. ಆದರೆ ಅದು ಮೊದಲು ಕರುವಿನ ಆಸ್ತಿ. ಹುಟ್ಟಿದ ಒಂದೆರಡು ತಾಸಿನೊಳಗೆ ಕರುವಿಗೆ ಅದು ಸಿಗದಿದ್ದರೆ ರೋಗವನ್ನು ಎದುರಿಸುವ ಶಕ್ತಿಯು ಕುಂದುವದು. ಇಂದಿನ ಕರುವೇ ಮೂರು ವರ್ಷಗಳ ಮೇಲಿನ ಹಾಲಿನ ಆಕಳು.

2012ರಲ್ಲಿ ಆರಂಭವಾದ ರಾಷ್ಟ್ರೀಯ ಡೇರಿ ಯೋಜನೆಯಲ್ಲಿ ಹಳ್ಳಿಯವರಿಗೇ ತರಬೇತಿ ಕೊಟ್ಟು, ಮನೆಮನೆಗೆ ಕಳುಹಿಸಿ, ಇದ್ದ ಮೇವನ್ನೇ ಸಮತೋಲ ಮಾಡುವದನ್ನು ಕಲಿಸಲಾಯಿತು. ಖರ್ಚನ್ನು ಹೆಚ್ಚಿಸದೆ ಹಾಲನ್ನು ಹೆಚ್ಚಿಸಬಹುದೆಂಬದು ಅದರಿಂದ ಅನುಭವಕ್ಕೆ ಬಂದಿದೆ. ಆ ಕೆಲಸವನ್ನು ಮುಂದುವರಿಸಲು ಗುರುಗಳಿಗಿಂತ ಯೋಗ್ಯರು ಯಾರು? ತಮ್ಮ ಗಣಿತದ ಪಾಠದಲ್ಲಿ ಕೊಳಾಯಿ ತೊಟ್ಟಿಗಳ ಲೆಕ್ಕದ ಜೊತೆಗೆ ಗೋದಲಿಯ ಲೆಕ್ಕವೂ ಒಂದು ಇರಲಿ. ಹುಡುಗನೂ ಹುಡುಗಿಯೂ ಹಗ್ಗವನ್ನು ಹಿಡಿದು ತಮ್ಮ ಆಕಳನ್ನು ಅಳೆಯಲಿ. ಮನೆಗೆ ಹೋಗಿ ತಾಯಿಗೆ ಹೇಳಲಿ. ತಾಯಿಗೆಂದೇಕೆ ಹೇಳಿದೆನೆಂದರೆ, ಮೇವು ಹಾಕುವವಳು, ಸೆಗಣಿ ಬಳಿಯುವವಳು, ಹಾಲು ಹಿಂಡುವವಳು ಅವಳೇ. ಸಂಘದ ಪುಸ್ತಕದಲ್ಲಿ ಹೆಸರು ಮಾತ್ರ ಬಹುತೇಕ ಗಂಡನದಾಗಿರುವದು. ಲೆಕ್ಕವು ಅವಳ ಕೈಗೆ ಬಂದ ದಿನ ಬೇಸಿಗೆಯಲ್ಲಿ ಆಕಳನ್ನು ಮಾರುವ ಮನೆಗಳು ಕಡಿಮೆಯಾಗುವವೆಂದು ನಾನು ನಂಬಿದ್ದೇನೆ.